ಕವರಮ್ಮನ ಮನೆಗೆ ಬಂದ ಕಂಪ್ಯೂಟರ್

ಆ ಮನೆಯಲ್ಲಿ ಹೊಸ ವಸ್ತುವಿಗೆ ಮೈ ತೋರಿಸುವ ಭಾಗ್ಯ ಇರಲಿಲ್ಲ. ಫ್ರಿಜ್ಜಿಗೆ ಹೂವಿನ ಕವರು, ಮಿಕ್ಸಿಗೆ ಗೆರೆಗೆರೆ ಕವರು, ಟೀವಿಗೆ ಅಂಚಿನಲ್ಲಿ ನೆರಿಗೆಯಿಟ್ಟ ಕವರು. ರಿಮೋಟಿನ ಪ್ಲಾಸ್ಟಿಕ್ ಮಬ್ಬಾಗಿ ಅಂಕಿಗಳು ಕಾಣದೆ ಎಲ್ಲರೂ ಅಂದಾಜಿನ ಮೇಲೆ ಒತ್ತುತ್ತಿದ್ದರು. ಸೋಫಾ ಬಂದು ಎಷ್ಟೋ ವರ್ಷವಾಗಿದ್ದರೂ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಸೆಕೆಗೆ ಕಾಲು ಅಂಟಿಕೊಂಡು, ಏಳುವಾಗ ಚರ್ರನೆ ಸದ್ದಾಗುತ್ತಿತ್ತು.

ಇದೆಲ್ಲ ಮನೆಯೊಡತಿಯ ಕೈಚಳಕ. ಮನೆ ಸಾಮಾನಿನ ಅಂಗಡಿಗೆ ಕವರು ಹೊಲಿದುಕೊಡುವುದೇ ಅವಳ ಕಸುಬು. ಬೀದಿಯವರು ಅವಳನ್ನು ಕವರಮ್ಮ ಅನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ಪಾಲಿಗೆ ಬಂದದ್ದೆಲ್ಲ ಅಕ್ಕಂದಿರು ಬಳಸಿ ಬಿಟ್ಟದ್ದು: ಬಟ್ಟೆ, ಚಪ್ಪಲಿ, ಕೊನೆಗೆ ಸ್ಲೇಟು ಕೂಡ. ಹೊಸದು ಹೊಸದಾಗಿಯೇ ಇರಬೇಕು ಅನ್ನುವುದು ಅವಳ ಹಟ. ಆ ಹಟದ ಮುಂದೆ ಮನೆಯವರೆಲ್ಲ ಯಾವತ್ತೋ ಕೈ ಚೆಲ್ಲಿದ್ದರು.

ಅಂಥ ಮನೆಯಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಮಗಳು ಸುದ್ದಿ ಹೇಳಿದಳು.

"ಅಮ್ಮ, ನಾನೊಂದು ಕಂಪ್ಯೂಟರ್ ಮಾಡ್ತೀನಿ."

"ಮಾಡ್ತೀಯಾ? ಕೊಳ್ತೀನಿ ಅನ್ನು."

"ಇಲ್ಲ, ಮಾಡೋದೇ. ಒಂದೊಂದೇ ಭಾಗ ತಂದು ನಾನೇ ಜೋಡಿಸ್ತೀನಿ. ಗೇಮ್ ಆಡೋಕೆ. ಜೋಡಿಸಿದ್ದೇ ತಗೊಂಡ್ರೆ ನನ್ನ ಕೈಗೆ ಎಟುಕಲ್ಲ."

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಗೆ ಕೊಡುವುದು ಕೊಟ್ಟು, ಉಳಿದದ್ದನ್ನು ಹಬ್ಬದೂಟಕ್ಕೆ ಹಸಿದವಳ ಹಾಗೆ ಕಾದು ಕೂಡಿಟ್ಟಿದ್ದಳು. ಅದು ವಾಷಿಂಗ್ ಮಷೀನಿಗೆ ಅಂತ ಕವರಮ್ಮ ತನ್ನಷ್ಟಕ್ಕೇ ತೀರ್ಮಾನ ಮಾಡಿಕೊಂಡಿದ್ದಳು.

"ಆಟಕ್ಕೆ ಅಷ್ಟು ದುಡ್ಡು ಸುರೀತೀಯಾ? ನನ್ನ ಕೈ ನೋಡು, ಸೋಪಿನ ನೀರಲ್ಲಿ ನೆಂದು ನೆಂದು ಹೇಗಾಗಿದೆ! ಒಂದು ಬಟ್ಟೆ ಒಗೆಯೋ ಮಷೀನ್ ತರಬಾರದಾ?"

"ತಂದ್ರೆ ಏನಾಗುತ್ತೆ ಗೊತ್ತಮ್ಮ? ನೀನು ಅದಕ್ಕೊಂದು ಕವರ್ ಹಾಕಿ, ಅದರ ಪಕ್ಕದಲ್ಲೇ ಕೂತು ಕೈಯಲ್ಲಿ ಒಗೀತೀಯ."

ಕವರಮ್ಮನ ಅತ್ತೆಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಕೆಮ್ಮುತ್ತಲೇ, "ಅಲ್ವೇ ಮಗಳೇ, ತುಂಡು ತುಂಡಾಗಿ ತಂದು ಜೋಡಿಸೋದು ಅಂದ್ರೆ ಒಂದು ತುಂಡು ಉಳಿದುಹೋದ್ರೆ?" ಅಂದರು.

"ಉಳಿದಿದ್ದು ನಿನಗೆ ಅಜ್ಜಿ."

ಕವರಮ್ಮನ ಗಂಡ ಡ್ರೈವರ್ರು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟು, ಕಿಟಕಿಯ ಬಳಿ ಹೋಗಿ ಕೂತರು. ಕವರಮ್ಮ ಅತ್ತಲೇ ನೋಡಿದಳು. ಹಿಂದೆಲ್ಲ ಇಂಥ ಮಾತಿಗೆ ಮೊದಲು ನಗುತ್ತಿದ್ದವರು ಅವರೇ. ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಬೇಕು, ಹಾಗೆ ನಗುತ್ತಿದ್ದರು.

ಅವರು ಸಿಟಿ ಬಸ್ಸು ಓಡಿಸುತ್ತಿದ್ದವರು. ಹೋದ ವರ್ಷ ಒಂದು ಮಧ್ಯಾಹ್ನ ಸ್ಟಿಯರಿಂಗ್ ಹಿಡಿದಿದ್ದಾಗಲೇ ಕಣ್ಣಿಗೆ ಕತ್ತಲೆ ಕಟ್ಟಿತು. ಹೇಗೋ ಬಸ್ಸನ್ನು ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಕುಸಿದರು. ಒಳಗಿದ್ದ ಒಬ್ಬರಿಗೂ ತರಚಲಿಲ್ಲ. ಎದೆಬಡಿತ ಆಗಾಗ ತಾಳ ತಪ್ಪುತ್ತದೆ, ಮಾತ್ರೆ ನುಂಗಿಕೊಂಡಿದ್ದರೆ ಭಯವಿಲ್ಲ, ಆದರೆ ಬಸ್ಸು ಮಾತ್ರ ಬೇಡ ಅಂದರು ಡಾಕ್ಟರು. ಡಿಪೋದವರು ಒಳ್ಳೆಯವರೇ. ಕೆಲಸದಿಂದ ತೆಗೆಯಲಿಲ್ಲ, ಗೇಟಿನಲ್ಲಿ ಕೂರಿಸಿದರು. ಬರುವ ಹೋಗುವ ಬಸ್ಸುಗಳ ನಂಬರು ಬರೆದುಕೊಳ್ಳುವುದು. ಬೇರೆಯವರು ಓಡಿಸುವ ಬಸ್ಸಿಗೆ ದಿನವಿಡೀ ಗೇಟು ತೆಗೆದು ಹಾಕುವುದು.

ಮದುವೆಯಾದಾಗಿನಿಂದ ಕವರಮ್ಮ ಬೆಳಿಗ್ಗೆ ಬಾಗಿಲಲ್ಲಿ ಊಟದ ಡಬ್ಬಿ ಕೊಡುತ್ತಾ ಒಂದೇ ಮಾತು ಹೇಳುತ್ತಿದ್ದಳು: "ನಿಧಾನವಾಗಿ ಓಡಿಸ್ರಿ." ಅವರು ಶೂ ಲೇಸು ಬಿಗಿಯುತ್ತಾ, "ನಿನ್ನ ಮಾತು ಕೇಳಿದ್ರೆ ಬಸ್ಸು ಮುಂದಿನ ಸ್ಟಾಪ್ ಕಂಡ ಹಾಗೇ!" ಅನ್ನುತ್ತಿದ್ದರು. ಜಗಳವಾಡಿದ ದಿನವೂ ಈ ಎರಡು ಮಾತು ತಪ್ಪುತ್ತಿರಲಿಲ್ಲ. ಈಗ ಗೇಟಿನ ಸ್ಟೂಲಿನ ಮೇಲೆ ಕೂರಲು ಹೊರಟವರಿಗೆ ಏನು ಹೇಳುವುದು? ನಿಧಾನವಾಗಿ ಕೂತ್ಕೊಳ್ರಿ ಅನ್ನಲಾದೀತೇ? "ಹುಷಾರು" ಅನ್ನುತ್ತಿದ್ದಳು. ಅವರು ಡಬ್ಬಿ ತಗೊಂಡು ಹೊರಟುಬಿಡುತ್ತಿದ್ದರು.

ಆ ಹುಷಾರು ದಿನವಿಡೀ ಅವರ ಬೆನ್ನು ಹತ್ತಿತ್ತು. ನೀರಿನ ಕ್ಯಾನ್ ಎತ್ತಬೇಡಿ. ತಾರಸಿಗೆ ಹತ್ತಬೇಡಿ. ಬಿಸಿಲಿಗೆ ಹೋಗಬೇಡಿ. ಒಂದು ಭಾನುವಾರ ಅವರು ಬಲ್ಬು ಬದಲಾಯಿಸಲು ಕುರ್ಚಿ ಎಳೆದುಕೊಂಡರೆ ಕವರಮ್ಮ ಹೊಲಿಯುವುದು ಬಿಟ್ಟು ಓಡಿಬಂದಳು.

"ಇಳೀರಿ, ಇಳೀರಿ! ಮಗಳು ಬಂದು ಹಾಕ್ತಾಳೆ."

ಡ್ರೈವರ್ರು ಬಲ್ಬನ್ನು ಅವಳ ಕೈಗಿಟ್ಟರು. "ಒಂದು ಕೆಲಸ ಮಾಡು. ಹೇಗೂ ಟೇಪು ಕೊರಳಲ್ಲೇ ಇದೆ. ಅಳತೆ ತಗೊಂಡು ನನಗೂ ಒಂದು ಕವರ್ ಹೊಲಿದುಬಿಡು. ಜಿಪ್ ಎಳೆದು ಮೂಲೇಲಿ ನಿಲ್ಸು."

"ಏನು ಮಾತು ಅಂತ ಆಡ್ತೀರಿ?"

"ಮತ್ತೇನು? ಫ್ರಿಜ್ಜಿಗಾದ್ರೂ ಒಳಗೆ ಕೆಲಸ ಇದೆ."

ಅವತ್ತು ಕವರಮ್ಮ ಹೊಲಿದದ್ದೆಲ್ಲ ಸೊಟ್ಟ ಹೋಯಿತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಸೊಟ್ಟ. ವಾಷಿಂಗ್ ಮಷೀನ್ ಹಾಳಾಗಿ ಹೋಗಲಿ, ಈ ಮನುಷ್ಯ ಒಂದು ಸಲ ಮೊದಲಿನ ಹಾಗೆ ನಕ್ಕರೆ ಸಾಕು ಅನ್ನಿಸಿತು.

ಮಗಳ ಕಂಪ್ಯೂಟರ್ ಪುರಾಣ ಮಾತ್ರ ದಿನಾ ಸಂಜೆ ನಡೆದೇ ಇತ್ತು. ಅಂಗಡಿಯಿಂದ ಬಂದವಳೇ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ, ಮೊಬೈಲಿನಲ್ಲಿ ಈ ಭಾಗಕ್ಕೆ ಆ ಭಾಗ ಹೋಲಿಸುತ್ತಾ ಕೂರುವಳು. ಪಕ್ಕದಲ್ಲಿ ಅಜ್ಜಿ ಬೀನ್ಸ್ ನಾರು ತೆಗೆಯುತ್ತಾ ಪ್ರಶ್ನೆ ಹಾಕುವರು.

"ಪ್ರೊಸೆಸರ್ ಅಂದ್ರೆ ತಲೆ ಅಜ್ಜಿ, ಲೆಕ್ಕ ಮಾಡೋದು. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಚಿತ್ರ ಬರೆದು ತೋರಿಸೋದು. ಗೇಮಿಗೆ ಅದೇ ಮುಖ್ಯ, ಅದೇ ದುಬಾರಿ. ತಲೆ ಸ್ವಲ್ಪ ಅಗ್ಗದ್ದಾದ್ರೂ ನಡೆಯುತ್ತೆ."

"ನಿಮ್ಮ ತಾತಂದೂ ಅದೇ ಕಂಪನಿದು. ತಲೆ ಅಗ್ಗ, ತೋರಿಸಿಕೊಳ್ಳೋದು ದುಬಾರಿ."

ಎಲ್ಲಕ್ಕಿಂತ ಮಗಳ ಮನಸ್ಸು ನೆಟ್ಟಿದ್ದು ಒಂದು ಕ್ಯಾಬಿನೆಟ್ಟಿನ ಮೇಲೆ. ಇವನ್ನೆಲ್ಲ ಒಳಗಿಡುವ ಪೆಟ್ಟಿಗೆ. ಅದರ ಒಂದು ಪಕ್ಕ ಪೂರ್ತಿ ಗಾಜು, ಒಳಗೆ ಬಣ್ಣ ಬದಲಾಯಿಸುವ ದೀಪಗಳು. ಅದರ ಫೋಟೋವನ್ನು ಮನೆಯವರಿಗೆಲ್ಲ ತೋರಿಸಿದ್ದಳು. ಬೈಯುತ್ತಲೇ ಕವರಮ್ಮ ಕೇಳಿದಳು, "ಎಷ್ಟು ಅಗಲ ಬರುತ್ತೆ? ಎತ್ತರ?"

"ಯಾಕೆ?"

"ಯಾಕೆ ಅಂದ್ರೆ? ಕವರಿಗೆ."

"ಅಮ್ಮ! ಕವರ್ ಹಾಕಿದ್ರೆ ದೀಪ ಯಾರಿಗೆ ಕಾಣುತ್ತೆ?"

"ನೋಡಬೇಕು ಅನ್ನಿಸಿದಾಗ ತೆಗೆದು ನೋಡ್ಕೋ."

ಕೆಲವು ವಾರ ಹೀಗೇ ಕಳೆದವು. ಒಂದು ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮಗಳು ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು, "ಅಪ್ಪ, ಬಸ್ಸಿಗೆ ಕ್ಲಚ್ ಬೇಕೇ ಬೇಕಾ? ಬರೀ ಬ್ರೇಕು, ಆಕ್ಸಿಲರೇಟರ್ ಇದ್ರೆ ಸಾಲಲ್ವಾ?"

ಡ್ರೈವರ್ರು ಎಷ್ಟೋ ದಿನದ ಮೇಲೆ ದನಿ ಎತ್ತಿದರು. "ಕ್ಲಚ್ ಇಲ್ಲದ್ದು ಬಸ್ಸಾ? ಎಡಗಾಲಿಗೆ ಕೆಲಸ ಇಲ್ಲ ಅಂದ್ರೆ ಅದು ಬಸ್ಸಲ್ಲ, ಉಯ್ಯಾಲೆ! ಈಗ ಅಂಥವೂ ಬಂದಿವೆ, ಗೇಟಲ್ಲಿ ನೋಡ್ತೀನಲ್ಲ." ಅಷ್ಟು ಹೇಳಿ ಮತ್ತೆ ಚಹಾದ ಲೋಟದೊಳಗೆ ಮುಳುಗಿದರು.

ಮಗಳು ತುಟಿ ಕಚ್ಚಿಕೊಂಡು ಏನೋ ಯೋಚಿಸಿದಳು. ಆಮೇಲಿಂದ ಅವಳ ಆಯ್ಕೆಗಳೆಲ್ಲ ತಲೆಕೆಳಗಾದವು. ಬಂದ ಕ್ಯಾಬಿನೆಟ್ಟು ಕಪ್ಪು ತಗಡಿನದು, ಗಾಜೂ ಇಲ್ಲ, ದೀಪವೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಯಾರೋ ಬಳಸಿದ್ದು. ಪ್ರೊಸೆಸರ್ ಕೂಡ ಸೆಕೆಂಡ್ ಹ್ಯಾಂಡ್. ಕವರಮ್ಮನಿಗೆ ಅನುಮಾನ ಬಂತು. ಬಟ್ಟೆ ಒಣಹಾಕುವಾಗ ಮಗಳನ್ನು ಹಿಡಿದು ನಿಲ್ಲಿಸಿದಳು.

"ಗಾಜಿಂದು ಏನಾಯ್ತು?"

"ಬೇಡ ಅನ್ನಿಸ್ತು."

"ಸುಳ್ಳು ಹೇಳಬೇಡ. ಫೋಟೋ ನೋಡ್ಕೊಂಡೇ ನಿದ್ದೆ ಮಾಡ್ತಿದ್ದೋಳು ನೀನು. ದುಡ್ಡು ಯಾರಿಗೆ ಕೊಟ್ಟೆ?"

ಮಗಳು ಅವಳ ಕೈ ಹಿಡಿದು ಒಳಗೆ ಎಳೆದೊಯ್ದಳು. ಮಂಚದ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ತೆರೆದರೆ ಒಳಗೆ ಒಂದು ಸ್ಟಿಯರಿಂಗ್ ಚಕ್ರ, ಒಂದು ಗೇರು, ಒಂದು ಹ್ಯಾಂಡ್‌ಬ್ರೇಕ್, ಮೂರು ಪೆಡಲು.

"ಬಸ್ ಓಡಿಸೋ ಗೇಮ್ ಇದೆ ಅಮ್ಮ. ಸ್ಟಾಪು, ಸಿಗ್ನಲ್ಲು, ಹತ್ತೋ ಜನ, ಎಲ್ಲ ಇದೆ. ಕ್ಲಚ್ ಇರೋದು ಜಾಸ್ತಿ ಬೆಲೆ. ಅದಕ್ಕೆ ಬೇರೆದೆಲ್ಲ ಇಳಿಸಿದೆ."

ಕವರಮ್ಮ ಬಗ್ಗಿ ಮೂರು ಪೆಡಲನ್ನೂ ಮುಟ್ಟಿ ನೋಡಿದಳು. "ಅವರನ್ನ ಆಡಿಕೊಂಡ ಹಾಗಾಗಲ್ವೇನೆ? ಇಷ್ಟೇನಾ ನನ್ನ ಗತಿ ಅಂತ ಇನ್ನೂ ಕುಗ್ಗಿಬಿಟ್ರೆ?"

"ನಂಗೂ ಅದೇ ಭಯ ಅಮ್ಮ. ಆದ್ರೂ ನೋಡೋಣ."

ಮಗಳ ಮೇಲೆ ಪ್ರೀತಿ ಉಕ್ಕಿಬಂತು. ಅದನ್ನು ಹೇಗೆ ತೋರಿಸುವುದೆಂದು ಗೊತ್ತಾಗದೆ ಕವರಮ್ಮ, "ಈ ಚಕ್ರಕ್ಕೂ ಒಂದು ಕವರು ಬೇಕು" ಅಂದಳು.

ಡ್ರೈವರ್ರಿಗೆ ಭಾನುವಾರವೂ ಡ್ಯೂಟಿ ಬಿದ್ದ ದಿನ ಜೋಡಿಸುವ ಕೆಲಸ ಶುರುವಾಯಿತು. ಬಟ್ಟೆ ಕತ್ತರಿಸುವ ಮೇಜನ್ನು ಕವರಮ್ಮ ತಾನೇ ಖಾಲಿ ಮಾಡಿ ಒರೆಸಿಕೊಟ್ಟಳು. ಅತ್ತೆ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತರು. ಮಗಳು ಕ್ಯಾಬಿನೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಉಗುರು ಹಾಕಿದಳೋ ಇಲ್ಲವೋ, ಕವರಮ್ಮ ಕೂಗಿಕೊಂಡಳು.

"ಕೀಳಬೇಡ! ಹೊಸದು!"

"ಸರಿ ತಾಯಿ, ಕೀಳಲ್ಲ."

ಸಣ್ಣ ಸ್ಕ್ರೂಗಳನ್ನು ಬೆರಳ ತುದಿಯಲ್ಲಿ ಹಿಡಿಯಲು ಕವರಮ್ಮನೇ ಬೇಕಾಯಿತು. ವೈರುಗಳನ್ನು ಅವಳು ನೂಲಿನ ಹಾಗೆ ಅಚ್ಚುಕಟ್ಟಾಗಿ ಕಟ್ಟಿದಳು. ಕೆಲಸ ಮಾಡುತ್ತಾ ಮಾಡುತ್ತಾ ಹುರುಪು ಬಂದು, ಇದು ಯಾಕೆ, ಅದು ಯಾಕೆ ಅಂತ ಅತ್ತೆಯನ್ನೂ ಮೀರಿಸಿ ಕೇಳತೊಡಗಿದಳು. ಕೊನೆಗೆ ಉಳಿದದ್ದು ಕೂಲರ್. ಬೆಳ್ಳಿ ಬಣ್ಣದ ರೆಕ್ಕೆಗಳ ಮೇಲೆ ಒಂದು ಪುಟ್ಟ ಫ್ಯಾನು.

"ಪ್ರೊಸೆಸರ್ ತುಂಬಾ ಬಿಸಿಯಾಗುತ್ತೆ. ಇದು ಅದರ ಮೇಲೆ ಅಂಟಿಕೊಂಡು ಕೂತು ಬಿಸಿ ಎಳೆದು ಹೊರಗೆ ಹಾಕುತ್ತೆ. ಸ್ವಲ್ಪ ಹಿಡ್ಕೊಂಡಿರು, ನಾನು ಬಿಸಿ ದಾಟಿಸೋ ಪೇಸ್ಟ್ ಹಚ್ತೀನಿ" ಅಂದಳು ಮಗಳು.

ಮಗಳು ಬಗ್ಗಿ ಪ್ರೊಸೆಸರಿಗೆ ಬಿಳಿ ಪೇಸ್ಟು ಹಚ್ಚುತ್ತಿದ್ದಾಗ ಕವರಮ್ಮ ಕೂಲರನ್ನು ತಿರುಗಿಸಿ ನೋಡಿದಳು. ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ಕು, ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕಂಪನಿಯ ಹೆಸರಿರಬೇಕು ಅಂದುಕೊಂಡಳು. ಒಂದು ಮೂಲೆ ಎದ್ದಿತ್ತು. ಅಯ್ಯೋ ಪಾಪ ಅನ್ನಿಸಿ ಹೆಬ್ಬೆರಳಿನಿಂದ ಅದನ್ನು ಒತ್ತಿ ನೀಟಾಗಿ ಕೂರಿಸಿದಳು. ಮಗಳು ಕೈ ಚಾಚಿದಾಗ ತಳ ಕೆಳಗಾಗಿ ಕೊಟ್ಟಳು. ಇಬ್ಬರೂ ಸೇರಿ ಸ್ಕ್ರೂ ಬಿಗಿದರು.

ಸಂಜೆ ಡ್ರೈವರ್ರು ಬಂದಾಗ ಕತ್ತರಿಸುವ ಮೇಜಿಗೆ ಸ್ಟಿಯರಿಂಗ್ ಬಿಗಿದಿತ್ತು, ಕೆಳಗೆ ಪೆಡಲುಗಳು, ಎದುರಿಗೆ ಪರದೆಯ ಮೇಲೆ ಒಂದು ಬಸ್ಸು. ಮೂವರೂ ಹೆಂಗಸರು ಪಕ್ಕದಲ್ಲಿ ಸಾಲಾಗಿ ನಿಂತಿದ್ದರು.

"ಏನಿದು, ಮಕ್ಕಳಾಟ" ಅಂದರು ಅವರು.

ಮಾತು ಹಾಗಿದ್ದರೂ ಕೈ ಆಗಲೇ ಚಕ್ರದ ಮೇಲಿತ್ತು. ಕುರ್ಚಿಯನ್ನು ಹಿಂದೆ ಸರಿಸಿ, ಮುಂದೆ ಸರಿಸಿ ಕೂತರು. ಎಡಗಾಲು ತಾನಾಗಿಯೇ ಕ್ಲಚ್ಚನ್ನು ಹುಡುಕಿತು. ಅದು ಸಿಕ್ಕಾಗ ಅವರು ಮಗಳ ಮುಖವನ್ನೊಮ್ಮೆ ನೋಡಿದರು. ಕನ್ನಡಿ ನೋಡಿ, ಗೇರು ಹಾಕಿ, ಬಸ್ಸನ್ನು ರಸ್ತೆಗೆ ಇಳಿಸಿದರು. ಮೊದಲ ಸ್ಟಾಪಿನಲ್ಲಿ ನಿಲ್ಲಿಸಿ ಬಾಗಿಲು ತೆರೆದರು. ಪರದೆಯೊಳಗಿನ ಮುದುಕಿಯೊಬ್ಬಳು ಹತ್ತಿ ಮುಗಿಸುವ ತನಕ ಕಾದು, "ಒಳಗೆ ನಡೀರಿ, ಒಳಗೆ" ಅಂತ ಗೊಣಗಿದರು. ಕವರಮ್ಮನ ಕಣ್ಣು ತುಂಬಿಬಂತು.

ಎರಡನೇ ಸ್ಟಾಪು ದಾಟುವಷ್ಟರಲ್ಲಿ ಪೆಟ್ಟಿಗೆಯೊಳಗಿನ ಫ್ಯಾನು ಭರ್ರೆಂದು ಕೂಗತೊಡಗಿತು. ಮೂರನೆಯದರ ತಿರುವಿನಲ್ಲಿ ಪರದೆ ಕಪ್ಪಾಯಿತು.

ಮಗಳು ಗಾಬರಿಯಿಂದ ಮತ್ತೆ ಶುರು ಮಾಡಿಕೊಟ್ಟಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ಡ್ರೈವರ್ರ ಕೈ ಇನ್ನೂ ಚಕ್ರದ ಮೇಲೇ ಇತ್ತು. "ನೋಡಿದ್ಯಾ, ಇದಕ್ಕೂ ಕಣ್ಣು ಕತ್ತಲೆ ಬಂತು" ಅಂದರು. ಮುಖದಲ್ಲಿ ನಗುವಿನಂಥದ್ದು ಏನೋ ಇತ್ತು, ನಗು ಅಲ್ಲ. "ಬಿಡು ಮಗಳೇ. ನನ್ನ ಕೈಗೆ ಬಂದದ್ದರ ಹಣೆಬರಹವೇ ಇಷ್ಟು." ಎದ್ದು ಹೋಗಿ ಕಿಟಕಿಯ ಬಳಿ ಕೂತರು.

ಆ ವಾರವಿಡೀ ಮಗಳು ಕೆಲಸದಿಂದ ಬಂದು ಕಂಪ್ಯೂಟರನ್ನು ಕೆದಕುವಳು, ಕಂಡಕಂಡವರಿಗೆ ಫೋನು ಮಾಡುವಳು. ಸೆಕೆಂಡ್ ಹ್ಯಾಂಡ್ ಪ್ರೊಸೆಸರೇ ಕೆಟ್ಟಿರಬೇಕು ಅಂದರು ಯಾರೋ. ಅದನ್ನು ಮಾರಿದವನು ಫೋನೇ ಎತ್ತಲಿಲ್ಲ. ಒಂದು ದಿನ ಊಟಕ್ಕೆ ಕೂತವಳು ಅನ್ನ ಕಲಸುತ್ತಾ ಕಲಸುತ್ತಾ, "ನೀನು ಹೇಳಿದ ಹಾಗೆ ವಾಷಿಂಗ್ ಮಷೀನೇ ತರಬೇಕಿತ್ತು ಅಮ್ಮ" ಅಂದಳು.

"ಬಾಯಿ ಮುಚ್ಕೊಂಡು ಊಟ ಮಾಡು" ಅಂದಳು ಕವರಮ್ಮ. ಸಿಟ್ಟು ಮಗಳ ಮೇಲಲ್ಲ. ಯಾರ ಮೇಲೆ ಅಂತ ಅವಳಿಗೇ ತಿಳಿಯದು.

ಮರುದಿನ ಹಿಂದಿನ ಬೀದಿಯ ಟೀಚರು ಫ್ರಿಜ್ಜಿನ ಕವರಿಗೆ ಅಳತೆ ಕೊಡಲು ಬಂದರು. "ಪೂರ್ತಿ ಮುಚ್ಚೋ ಹಾಗೆ ಹೊಲೀರಿ, ಹಿಂದೇನೂ ಸೇರಿಸಿ. ಧೂಳು ಬರಬಾರದು."

"ಹಿಂದೆ ಬೇಡ ಟೀಚರ್" ಅಂದಳು ಕವರಮ್ಮ. ಬಂದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾದ ಮಾತು. "ಬಿಸಿಯೆಲ್ಲ ಅಲ್ಲಿಂದಲೇ ಹೊರಗೆ ಹೋಗೋದು. ಅಲ್ಲಿ ಕವರ್ ಹಾಕಿದ್ರೆ ಮಷೀನು ಉಸಿರು ಕಟ್ಟಿ ನಿಂತು..."

ಅವಳ ಹೆಬ್ಬೆರಳಿಗೆ ಆ ಎದ್ದ ಮೂಲೆ ನೆನಪಾಯಿತು.

"ಟೀಚರ್, ಕೂತಿರಿ. ಅತ್ತೆ, ಟೀಚರಿಗೆ ಚಹಾ ಕೊಡಿ!" ಅಂದವಳೇ ಕೊರಳಲ್ಲಿ ಟೇಪು ಜೋಲಾಡಿಸಿಕೊಂಡು ಬೀದಿಗಿಳಿದಳು. ಔಷಧಿ ಅಂಗಡಿಯಲ್ಲಿ ಮಗಳು ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದಳು. ಕವರಮ್ಮ ಸಾಲನ್ನೆಲ್ಲ ಸೀಳಿಕೊಂಡು ಕೌಂಟರ್ ತಲುಪಿದಳು.

"ಆ ಬೆಳ್ಳಿ ರೆಕ್ಕೆಯದರ ತಳದಲ್ಲಿ ಪ್ಲಾಸ್ಟಿಕ್ ಇತ್ತು ಕಣೇ."

"ಹೂಂ, ಕಿತ್ತು ಹಾಕಬೇಕು ಅದನ್ನ. ಕಿತ್ತೆ ತಾನೆ ನೀನು?"

"ಒತ್ತಿದೆ."

ಮಗಳು ಬಾಟಲಿ ಹಿಡಿದುಕೊಂಡೇ ನಿಂತಳು. ಕೆಮ್ಮಿನವರು ಕೆಮ್ಮುವುದನ್ನೂ ಮರೆತು ಇಬ್ಬರನ್ನೂ ನೋಡಿದರು.

ಸಂಜೆ ಮಗಳು ಅಂಗಡಿಯಿಂದ ಸ್ಪಿರಿಟು, ಹತ್ತಿ ತಂದಳು. ಕೂಲರ್ ಬಿಚ್ಚಿ ತಿರುಗಿಸಿದರೆ ಪ್ಲಾಸ್ಟಿಕ್ಕು ಅಲ್ಲೇ ಇತ್ತು. ಸುಕ್ಕುಗಟ್ಟಿ ಮುದುಡಿದ್ದರೂ ನಾಲ್ಕು ಮೂಲೆಯೂ ನೀಟಾಗಿ ಒತ್ತಿಕೊಂಡಿತ್ತು. ಕವರಮ್ಮ ಹತ್ತಿರ ಬಗ್ಗಿದಳು. "ಕೆಟ್ಟುಹೋಯ್ತಾ?" ಅಂದಳು.

"ಇಲ್ಲ ಅಮ್ಮ. ಸುಟ್ಟುಹೋಗಬಾರದು ಅಂತಲೇ ಅದು ತಾನಾಗಿ ಆಫ್ ಆಗ್ತಿತ್ತು."

ಅಷ್ಟರಲ್ಲಿ ಡ್ರೈವರ್ರು ಡ್ಯೂಟಿ ಮುಗಿಸಿ ಒಳಗೆ ಬಂದರು. ಕವರಮ್ಮ ತಪ್ಪೊಪ್ಪಿಕೊಳ್ಳುವ ಮಗುವಿನ ಹಾಗೆ ಎದುರಿಗೆ ಹೋಗಿ ನಿಂತಳು. "ನಿಮ್ಮ ಕೈಯ ತಪ್ಪಲ್ಲ ರೀ, ನನ್ನ ಕೈಯದು. ಬಿಸಿ ಹೋಗೋ ಜಾಗಕ್ಕೇ ಕವರ್ ಹಾಕಿಬಿಟ್ಟಿದ್ದೆ. ಹಾಳಾಗಬಾರದು ಅಂತ... ನಿಮಗೂ ಹಾಗೇ ಮಾಡಿದೆ ಅಲ್ವಾ?" ಅಂದಳು. ಅಂದಮೇಲೆ ಅಳು ಬಂತು.

ಡ್ರೈವರ್ರು ಆ ಸುಕ್ಕು ಪ್ಲಾಸ್ಟಿಕ್ಕನ್ನು ದೀಪಕ್ಕೆ ಹಿಡಿದು ನೋಡಿದರು. ಅವರ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕರು.

"ಅಮ್ಮಾ, ನೋಡು ನಿನ್ನ ಸೊಸೇನ! ರೇಡಿಯೇಟರಿಗೂ ಅಂಗಿ ತೊಡಿಸಿದ್ದಾಳೆ!"

ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ, "ಏನಾಯ್ತು ಡ್ರೈವರ್ರೇ?" ಅಂದರು. ಕವರಮ್ಮ ಅಳುತ್ತಿದ್ದವಳು ಅಳುತ್ತಲೇ ನಗತೊಡಗಿದಳು. ಈ ನಗು ಕೇಳಲು ಅವಳು ಒಂದು ವರ್ಷ ಕಾದಿದ್ದಳು.

ಅತ್ತೆ ಸಮಯ ನೋಡಿ ಮಾತು ಹಾಕಿದರು. "ಹೇಗೂ ಕೀಳೋಕೆ ಕೈ ಹಾಕಿದ್ದೀಯ, ಈ ಸೋಫಾದ್ದೂ ಕಿತ್ತುಬಿಡೇ. ನನ್ನ ಕಾಲಿನ ಚರ್ಮ ಅರ್ಧ ಇದಕ್ಕೇ ಹೋಯ್ತು."

"ನೋಡೋಣ ಇರಿ ಅತ್ತೆ" ಅಂದಳು ಕವರಮ್ಮ, ಮೂಗು ಒರೆಸಿಕೊಳ್ಳುತ್ತಾ.

ಒರೆಸಿ, ಹೊಸ ಪೇಸ್ಟು ಹಚ್ಚಿ, ಮತ್ತೆ ಬಿಗಿದರು. ಕ್ಯಾಬಿನೆಟ್ಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ಕವರಮ್ಮ ತಾನೇ ಸರ್ರನೆ ಎಳೆದು ತೆಗೆದಳು. ಮಗಳು ಗುಂಡಿ ಒತ್ತಿದಳು. ಪರದೆಯ ಮೇಲೆ ಬಸ್ಸು ಬಂದು ನಿಂತಿತು. ಫ್ಯಾನಿನ ಸದ್ದು ಈಗ ತಣ್ಣಗಿತ್ತು.

ಡ್ರೈವರ್ರು ಕೂತರು. ಕುರ್ಚಿ ಸರಿಮಾಡಿಕೊಂಡರು, ಕನ್ನಡಿ ನೋಡಿದರು, ಕ್ಲಚ್ ಒತ್ತಿದರು. ಆದರೆ ಬಸ್ಸು ಹೊರಡಿಸಲಿಲ್ಲ. ಎರಡೂ ಕೈ ಚಕ್ರದ ಮೇಲಿಟ್ಟು ಸುಮ್ಮನೆ ಕೂತೇ ಇದ್ದರು.

"ಅಪ್ಪ, ಹೊರಡು. ಎಲ್ಲ ಸರಿಯಾಗಿದೆ" ಅಂದಳು ಮಗಳು.

"ತಾಳು. ಇನ್ನೂ ಒಬ್ರು ಹೇಳೋದು ಬಾಕಿ ಇದೆ."

ಅವರು ತಿರುಗಲಿಲ್ಲ. ಕವರಮ್ಮನಿಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ನಿಧಾನವಾಗಿ ಓಡಿಸ್ರಿ."

"ನಿನ್ನ ಮಾತು ಕೇಳಿದ್ರೆ ಬಸ್ಸು ಮುಂದಿನ ಸ್ಟಾಪ್ ಕಂಡ ಹಾಗೇ!" ಅಂದರು ಡ್ರೈವರ್ರು, ಮತ್ತು ಹ್ಯಾಂಡ್‌ಬ್ರೇಕ್ ಇಳಿಸಿದರು.